ನಮ್ಮನೆಯವರ ಕುಡಿತದ ಕೀರ್ತಿ

ಈ ಚಪ್ಪಲಿಯ ಸದ್ದು ನನಗೆ ಗೊತ್ತು, ಎಡಗಾಲಿನದು ಚಟ್ ಅನ್ನುತ್ತದೆ, ಬಲಗಾಲಿನದು ಸಂಕೋಚದಿಂದ ಹಿಂದೆ ಬರುತ್ತದೆ, ಆದರೆ ಅದು ಇಲ್ಲೇಕೆ ಕೇಳಿಸಬೇಕು, ಇದು ಕುಡುಕರ ಹೆಂಡಂದಿರ ಸಭೆ, ತಾಯಂದಿರೂ ಇದ್ದಾರೆ, ಗಂಡಸಿನ ಚಪ್ಪಲಿಗೆ ಇಲ್ಲಿ ಪ್ರವೇಶವೇ ಇಲ್ಲ — ಅಯ್ಯೋ, ಬಂದೇಬಿಟ್ಟರಲ್ಲ, ನಮ್ಮನೆಯವರೇ, ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ, ಹಿಂದೆ ಅವರ ಗುಂಪಿನ ಗಂಡಸರೆಲ್ಲ ಸಾಲಾಗಿ, ಮುಂದೆ ಅವರ ಸರ್, ಶಾಲೆಯಿಂದ ಪ್ರವಾಸಕ್ಕೆ ಹೊರಟ ಮಕ್ಕಳ ಹಾಗೆ. ನಮ್ಮ ಮೇಡಂ ಕುರ್ಚಿ ಎಳೆದು ಹಾಕುತ್ತಾ ಹೇಳುತ್ತಿದ್ದಾರೆ, ಪಾಪ, ಅವರ ಕಟ್ಟಡಕ್ಕೆ ಬಣ್ಣ ಹೊಡೀತಿದಾರೆ, ವಾಸನೆಗೆ ಎಲ್ಲರಿಗೂ ತಲೆ ಸುತ್ತುತ್ತಂತೆ, ಇವತ್ತೊಂದಿನ ಜೊತೆಗೇ ಕೂತ್ಕೊಳೋಣ. ತಲೆ ಸುತ್ತುತ್ತದಂತೆ, ಈ ಮಹಾನುಭಾವರಿಗೆ, ಬಣ್ಣದ ವಾಸನೆಗೆ! ಊರಿನ ನೀರಿನ ಟ್ಯಾಂಕಿನಷ್ಟು ಒಳಗೆ ಇಳಿಸಿದಾಗ ಸುತ್ತದ ತಲೆ. ಅವರದು ಬೇರೆ ಕಟ್ಟಡ, ನಮ್ಮದು ಬೇರೆ, ಅಲ್ಲಿನ ಮಾತು ಇಲ್ಲಿಗೆ ಬರಬಾರದು, ಇಲ್ಲಿನದು ಅಲ್ಲಿಗೆ ಹೋಗಬಾರದು ಎಂಬುದು ಈ ಕುಡಿತ ಬಿಡಿಸುವ ಕೇಂದ್ರದ ನಿಯಮ, ಆ ನಿಯಮವೊಂದನ್ನೇ ಕೊಡೆಯಾಗಿ ಹಿಡಿದು ನಾನು ಇಷ್ಟು ಕಾಲ ನಡೆದೆ, ಈಗ ಎರಡು ಡಬ್ಬ ಬಣ್ಣ ಸೇರಿ ಕೊಡೆಯನ್ನೇ ಕಿತ್ತುಕೊಂಡವು.

ಈ ಕೋಣೆಯಲ್ಲಿ ನನಗಿರುವ ಮರ್ಯಾದೆ ಯಾವ ಮಂತ್ರಿಗೂ ಇಲ್ಲ, ಫ್ಯಾನಿನ ಕೆಳಗಿನ ಕುರ್ಚಿ ನನ್ನದು, ಮೊದಲ ಕಪ್ ಟೀ ನನ್ನದು, ನಾನು ಗಂಟಲು ಸರಿಮಾಡಿಕೊಂಡರೆ ಗಡಿಯಾರವೂ ಟಿಕ್ ಅನ್ನಲು ಹೆದರುತ್ತದೆ, ಯಾಕೆಂದರೆ ನಮ್ಮನೆಯವರಷ್ಟು ಕುಡಿದವರು ಹುಟ್ಟಿಲ್ಲ, ಕನಿಷ್ಠ ನನ್ನ ಬಾಯಲ್ಲಿ ಹುಟ್ಟಿಲ್ಲ. ಡ್ರೈವರ್ ಹೆಂಡತಿ ಒಂದು ವಾರ ಮೂಗೊರೆಸುತ್ತಾ ಎದ್ದಳು, ನಮ್ಮೋರು ಡಿಪೋದಲ್ಲಿ ಬಸ್ಸಿನೊಳಗೇ ಮಲಗಿಬಿಟ್ರು ಅಕ್ಕ. ಇಷ್ಟೇನಾ! ನಮ್ಮನೆಯ ಟೈಲರ್ ಸಾಹೇಬರು ಕುಡಿದ ಅಮಲಿನಲ್ಲಿ ಬ್ಯಾಂಕ್ ಮ್ಯಾನೇಜರನ ಕೋಟಿಗೆ ಮೂರು ತೋಳು ಹೊಲಿದರು, ಆತ ಅದನ್ನೇ ತೊಟ್ಟು ಒಂದು ವಾರ ಮೂರನೆಯ ಕೈ ಹುಡುಕಿದ ಎಂದೆ, ಅವಳು ಅಲ್ಲೇ ಕೂತಳು. ಹೋದ ವಾರವಂತೂ ನನ್ನ ಮೇರುಕೃತಿ, ಬೀದಿ ದೀಪದ ಕಂಬದ ಮುಂದೆ ಮಂಡಿಯೂರಿ ಟೇಪು ಸುತ್ತಿ, ಸೊಂಟ ಚಿಕ್ಕದು ಸಾರ್, ಉದ್ದ ಸ್ವಲ್ಪ ಜಾಸ್ತಿ, ಪ್ಯಾಂಟಿಗೆ ಬಟ್ಟೆ ಸಾಕಾಗಲ್ಲ, ಶುಕ್ರವಾರ ಬನ್ನಿ ಅಂತ ಕಂಬಕ್ಕೇ ಹೇಳಿ ಬಂದರು ಎಂದೆ. ಪೋಸ್ಟ್‌ಮ್ಯಾನ್ ತಾಯಿ, ಸೇರಿದಂದಿನಿಂದ ಬರೀ ಅತ್ತುಕೊಂಡಿದ್ದ ಮುದುಕಿ, ನಕ್ಕು ನಕ್ಕು ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡಳು, ನಿನ್ ಗಂಡನ ಮುಂದೆ ನನ್ ಮಗ ದೇವರು ಕಣೇ ತಾಯಿ ಎಂದು ಹಗುರಾಗಿ ಮನೆಗೆ ಹೋದಳು, ಇದು ಸೇವೆ ಅಲ್ಲವೇ, ಮೇಡಮ್ಮಿನ ಓದು ಮಾಡದ ಕೆಲಸವನ್ನು ನನ್ನ ನಾಲಿಗೆ ಮಾಡಲಿಲ್ಲವೇ. ನಿಜಕ್ಕೂ ಕುಡಿಯುತ್ತಿದ್ದಾಗ ಅವರು ಏನೂ ಮಾಡುತ್ತಿರಲಿಲ್ಲ, ಬಟ್ಟೆಯೇ ಇಡದೆ ಮಿಷನ್ ತುಳಿಯುತ್ತಾ ಕೂರುತ್ತಿದ್ದರು, ಟಕಟಕಟಕ, ಗಾಳಿಗೆ ಹೊಲಿಗೆ, ಮುಖ ಗೋಡೆಗೆ, ಅದನ್ನು ಹೇಳಿದರೆ ಯಾರು ನಗುತ್ತಾರೆ.

ಒಂದೇ ಒಂದು ಸಣ್ಣ ವಿಷಯ ನಾನು ಇಲ್ಲಿ ಹೇಳಿಲ್ಲ, ಅವರು ಬಿಟ್ಟುಬಿಟ್ಟಿದ್ದಾರೆ. ಬಿಟ್ಟು ಬಹಳ ಕಾಲವಾಯಿತು — ಶ್, ಮನಸ್ಸಿನಲ್ಲೂ ಮೆಲ್ಲಗೆ. ಮೊದಲ ಸಲ ಬಿಟ್ಟಾಗ ಇದೇ ಕೋಣೆಯಲ್ಲಿ ಎದೆಯುಬ್ಬಿಸಿ ಸಾರಿದೆ, ಚಪ್ಪಾಳೆಗೆ ಸೂರು ಹಾರಿತು, ಮೇಡಂ ಎಲ್ಲರಿಗೂ ಬಿಸ್ಕತ್ತು ಹಂಚಿದರು, ನನ್ನ ಬಾಯಲ್ಲಿ ಬಿಸ್ಕತ್ತಿನ ಪುಡಿ ಇನ್ನೂ ಇತ್ತು, ಮನೆಗೆ ಹೋದರೆ ಅವರು ಬಾಗಿಲಿಗೆ ಒರಗಿ ಬೀಗದ ಜೊತೆ ವಾದ ಮಾಡುತ್ತಿದ್ದರು. ಎರಡನೆಯ ಸಲ ತಂಗಿಯೊಬ್ಬಳ ಕಿವಿಯಲ್ಲಿ ಮಾತ್ರ ಊದಿದೆ, ಆ ಸಂಜೆಯೇ ಮತ್ತೆ ಟಕಟಕಟಕ. ಮೂರನೆಯ ಸಲ ನಿರ್ಧರಿಸಿದೆ, ಅವರು ಬಿಟ್ಟದ್ದು ಯಾರಿಗೂ ತಿಳಿಯಬಾರದು, ಒಳ್ಳೆಯದು ಕಿವಿಗೆ ಬಿದ್ದರೆ ಹೋಗಿ ಕೆಡಿಸುವ ಆ ಯಾವುದೋ ಒಂದಿದೆಯಲ್ಲ, ಅದರ ಕಿವಿಗಂತೂ ಬೀಳಲೇಬಾರದು, ಹಾಗಾಗಿ ವಾರ ವಾರ ನಾನೇ ನನ್ನ ಬಾಯಲ್ಲಿ ಅವರಿಗೆ ಕುಡಿಸಿದೆ, ಅವರ ಬಾಯಿ ಒಣಗಿಯೇ ಇರಲಿ ಎಂದು, ಇಂಥ ಯುದ್ಧತಂತ್ರ ಯಾವ ಸೇನಾಪತಿಗೆ ಹೊಳೆದೀತು — ಮೇಡಂ ನನ್ನ ಕಡೆ ತಿರುಗಿದರು, ಬೇಡ ಮೇಡಂ, ನನ್ನ ಹೊಟ್ಟೆ ಸರಿಯಿಲ್ಲ, ನನ್ನ ಗಂಟಲು ಸರಿಯಿಲ್ಲ, ಆದರೆ ಬಾಯಿ ತೆರೆದವಳು ಡ್ರೈವರ್ ಹೆಂಡತಿ, ಅಯ್ಯೋ ಅಕ್ಕ, ಇವ್ರೇನಾ ನಿಮ್ಮೋರು, ಕಂಬಕ್ಕೆ ಪ್ಯಾಂಟು ಹೊಲಿಯೋಕೆ ಹೋದೋರು, ಹೋದ್ ವಾರ ತಾನೆ?

ಅವರ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಹೋದ ವಾರಾನಾ, ಟೈಲರ್ರೇ, ನೀವು ಮುಟ್ಟೇ ಇಲ್ಲ ಅಂತ ಹೇಳ್ತಾ ಇದ್ರಲ್ಲ, ನಿಮ್ಮನ್ನ ನೋಡಿ ಇವರೆಲ್ಲ ಬಿಟ್ಟರಲ್ಲ. ದಪ್ಪ ಮೀಸೆಯವನೊಬ್ಬ ಪಕ್ಕದಲ್ಲಿ ಕೂತಿದ್ದ, ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿದ, ಸ್ವಲ್ಪವೇ, ನನ್ನ ಎದೆಯ ಮೇಲೆ ಎಳೆದ ಹಾಗೆ. ಇವರು ಗಳಿಸಿದ್ದು ಇದೊಂದನ್ನೇ, ಈ ಗಂಡಸರ ನಂಬಿಕೆಯನ್ನು, ನಾನು ಕಥೆ ಹೇಳಿ ಕಥೆ ಹೇಳಿ ಅದರ ಹೊಲಿಗೆಯನ್ನೇ ಬಿಚ್ಚಿಹಾಕಿದೆ, ಈಗ ಅವರು, ಇವಳು ಸುಳ್ಳುಬುರುಕಿ ಸಾರ್ ಎಂದರೆ ನಾನು ಮುಗಿದೆ, ಅನ್ನದೆ ಎದ್ದು ಹೋದರೆ ತಿರುವಿನಲ್ಲೇ ಬಾರ್ ಇದೆ, ಅದರ ಮಿಣುಕುವ ಬಲ್ಬು ನನಗೂ ಬಾಯಿಪಾಠ. ಅವರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಹೌದು ಸಾರ್, ಅಂದರು, ಹೋದ ವಾರಾನೇ, ಆ ಕಂಬ ಒಂದ್ ಕಡೆ ನಿಲ್ಲಲಿಲ್ಲ ಸಾರ್, ಅದಕ್ಕೇ ಅಳತೆ ತಪ್ಪಿದ್ದು. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು, ಮುದುಕಿ ಹಲ್ಲಿನ ಸೆಟ್ಟಿಗೆ ಕೈ ಹಾಕಿದಳು, ನನಗೆ ಹೊಟ್ಟೆಕಿಚ್ಚು, ಕಂಬ ನಿಲ್ಲಲಿಲ್ಲವಂತೆ, ಇಷ್ಟು ಚೆಂದದ ಮಾತು ನನಗೇಕೆ ಹೊಳೆಯಲಿಲ್ಲ, ಊಟ ಆಯ್ತಾ ಎಂದರೆ ಹೂಂ ಎನ್ನಲೂ ಯೋಚಿಸುವ ಮನುಷ್ಯ ಈ ಬಾಯನ್ನು ಎಲ್ಲಿ ಬಚ್ಚಿಟ್ಟಿದ್ದರು — ಪರವಾಗಿಲ್ಲ ಬಿಡಿ, ಬಿದ್ದೋರು ಏಳಲೇಬೇಕು, ಇವತ್ತಿಂದ ಮತ್ತೆ ಮೊದಲಿಂದ ಶುರು ಮಾಡೋಣ, ಸರ್ ಹೇಳುತ್ತಿದ್ದಾರೆ, ಅವರು ತಲೆ ಬಗ್ಗಿಸಿ ಆಗಲಿ ಎಂದರು, ಮೊದಲಿಂದಂತೆ, ಹಲ್ಲು ಕಚ್ಚಿ ದಾಟಿದ ಅಷ್ಟೂ ಸಂಜೆಗಳನ್ನು ಕತ್ತರಿಸಿ ಉಳಿದ ಬಟ್ಟೆಚೂರಿನ ಹಾಗೆ ಕೆಳಗೆ ಹಾಕಿಬಿಟ್ಟರು, ನನ್ನ ಮಾನ ಮುಚ್ಚಲು.

ಸುಳ್ಳು ಸಾರ್, ಎದ್ದೇಬಿಟ್ಟಿದ್ದೇನೆ, ಇವರು ಮುಟ್ಟಿಲ್ಲ, ಒಂದು ತೊಟ್ಟೂ ಮುಟ್ಟಿಲ್ಲ, ಕಂಬ ನಾನು ಕಟ್ಟಿದ್ದು, ಕೋಟಿನ ಮೂರನೇ ತೋಳೂ ನಾನೇ ಹೊಲಿದಿದ್ದು! ಮೇಡಂ ಬಂದು ನನ್ನ ಭುಜ ಹಿಡಿದರು, ಅಕ್ಕ, ಕೂತ್ಕೊಳಿ, ನಾವು ಮಾಡಬಾರದ್ದು ಅಂತ ಹೇಳೋದು ಇದನ್ನೇ, ಗಂಡನ ತಪ್ಪನ್ನ ನಮ್ಮ ಮೇಲೆ ಹಾಕ್ಕೊಳೋದು. ಎಷ್ಟಾದ್ರೂ ಗಂಡ ಅಲ್ವಾ, ಪಾಪ, ಎಂದಳು ಮುದುಕಿ, ಡ್ರೈವರ್ ಹೆಂಡತಿ ಕಣ್ಣೊರೆಸಿಕೊಂಡಳು. ಹುಟ್ಟಿದ ಮೇಲೆ ಮೊದಲ ಬಾರಿ ಒಂದು ನಿಜ ಹೇಳಿದೆ, ಅದಕ್ಕೆ ಒಬ್ಬ ಗಿರಾಕಿ ಇಲ್ಲ! ರೀ, ನೀವಾದ್ರೂ ಹೇಳ್ರೀ. ಏನ್ ಹೇಳ್ಲಿ ಸಾರ್, ಇವಳಿಗೆ ನನ್ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ, ಎಂದರು, ಮತ್ತೆ ನಗು, ದಪ್ಪ ಮೀಸೆಯವನು ಕುರ್ಚಿಯನ್ನು ವಾಪಸು ಹತ್ತಿರ ಎಳೆದುಕೊಂಡ. ಆದರೆ ನಾನು ಹೇಳಿಬಿಟ್ಟೆನಲ್ಲ, ಇಡೀ ಲೋಕಕ್ಕೆ ಕೇಳುವ ಹಾಗೆ ಕಿರುಚಿದೆನಲ್ಲ, ಇನ್ನು ಇವತ್ತಿನ ಸಂಜೆ — ಇಲ್ಲ, ತಾಳು, ಯಾರೂ ನಂಬಲಿಲ್ಲ, ಯಾರೂ ನಂಬದ ಮಾತು ಹೇಳಿದ ಲೆಕ್ಕವೇ, ಆ ಕೆಡಿಸುವಂಥದ್ದು ಕೇಳಿಸಿಕೊಂಡರೂ ಇವಳ ಮಾತೇನು ಬಿಡು ಎಂದು ಹೋಗಿರಬಹುದು, ಹೋಗಿರಬಹುದೇ. ಏಳುವ ರಭಸಕ್ಕೆ ನನ್ನ ಚೀಲದ ಹಿಡಿ ಕುರ್ಚಿಗೆ ಸಿಕ್ಕಿ ಕಿತ್ತಿದೆ, ಅವರು ನನ್ನ ಪಕ್ಕಕ್ಕೆ ಬಂದು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಾರೆ, ಅತ್ತ ಯಾರದೋ ಮಗನ ಕಥೆ ಶುರುವಾಗಿದೆ, ಅವರು ಕಾಲರಿನ ಒಳಗಿಂದ ಸೂಜಿ ತೆಗೆದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ರೀ, ಕೊಡಿ ನಾನು ಪೋಣಿಸ್ತೀನಿ ಎಂದು ನನ್ನ ಕೈ ತಾನಾಗಿ ಮುಂದೆ ಹೋಯಿತು, ಎಷ್ಟು ಬೆಳಗು ಗಿರಾಕಿ ಬರುವ ಮೊದಲೇ ಸೂಜಿಗಳಿಗೆಲ್ಲ ದಾರ ಪೋಣಿಸಿ ಚುಚ್ಚಿಟ್ಟಿದ್ದೇನೆ, ಕುಡಿತಕ್ಕೆ ಅವರ ಕೈ ಕುಣಿಯುವುದು ಯಾರ ಕಣ್ಣಿಗೂ ಬೀಳದಿರಲಿ ಎಂದು — ದಾರದ ತುದಿ ಒಳಗೆ ಹೋಯಿತು, ಒಂದೇ ಸಲಕ್ಕೆ. ನಾಲ್ಕು ಹೊಲಿಗೆ, ಗಂಟು, ಹಲ್ಲಿನಲ್ಲಿ ಕಡಿತ, ಇನ್ನೊಂದು ಬದಿಗೆ ಹೊಸ ದಾರ, ಮತ್ತೆ ತುಟಿ, ಮತ್ತೆ ಬೆಳಕು, ನಾನು ಯಾರಿಗೂ ಹೇಳುವುದಿಲ್ಲ, ನನಗೂ ಹೇಳಿಕೊಳ್ಳುವುದಿಲ್ಲ, ದಾರದ ತುದಿ, ಸೂಜಿಯ ಕಣ್ಣು, ತುದಿ ಅಲುಗುತ್ತಿಲ್ಲ, ಕಣ್ಣು ಅಲುಗುತ್ತಿಲ್ಲ, ದಾರದ ತುದಿ