ದಿನಕ್ಕೆ ಎರಡಡಿ

ಮೂವತ್ತೊಂದು ವರ್ಷ ಬಸ್ಸು ಓಡಿಸಿ, ಒಂದು ದಿನವೂ ತಡವಾಗಿ ಸ್ಟ್ಯಾಂಡು ಮುಟ್ಟಿಸದ ಮನುಷ್ಯ ಈಗ ದಿನಕ್ಕೆ ಎರಡಡಿ ಪ್ರಯಾಣ ಮಾಡುತ್ತಿದ್ದ. ಹೊತ್ತು ಮುಳುಗಿ, ಕೊನೆಯ ಜೇನುಹುಳು ಪೆಟ್ಟಿಗೆಯೊಳಗೆ ಸೇರಿಕೊಂಡ ಮೇಲೆ ಡ್ರೈವರ್ ಟೇಪು ಹಿಡಿದು ಹಿತ್ತಿಲಿನ ನೆಲ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯುವನು. ಪೆಟ್ಟಿಗೆಯ ಸ್ಟ್ಯಾಂಡಿನ ಒಂದು ಕಡೆ ತಾನು, ಇನ್ನೊಂದು ಕಡೆ ಹೆಂಡತಿ ಹಿಡಿದು, ಪೆಟ್ಟಿಗೆಯನ್ನು ಮೆತ್ತಗೆ ಎತ್ತಿ ಗೆರೆಯ ಮೇಲೆ ಇಡುವರು. ಇರುವೆ ಹತ್ತದ ಹಾಗೆ ನಾಲ್ಕು ಕಾಲುಗಳ ಅಡಿಗೆ ನಾಲ್ಕು ನೀರಿನ ಬಟ್ಟಲು. ಅಲ್ಲಿಗೆ ಆ ದಿನದ ಟ್ರಿಪ್ಪು ಮುಗಿಯಿತು.

"ಏನ್ ಡ್ರೈವರಣ್ಣ, ಬಸ್ಸು ಎಲ್ಲಿಗೆ ಬಂತು?" ಮೂರನೇ ಮನೆಯ ಟೀಚರಮ್ಮ ಕಿಟಕಿಯಿಂದ ಕೇಳಿದ್ದಳು.

"ನಿಮ್ಮ ಅಡುಗೆಮನೆ ಸ್ಟಾಪು. ನಾಳೆ ನಿಮ್ಮ ಬಚ್ಚಲು."

ಎಂಟು ಮನೆಗಳ ಸಾಲು. ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಹಿತ್ತಿಲು. ಡ್ರೈವರನದು ಮೊದಲನೇ ಮನೆ. ಅವನ ಹಿಂಬಾಗಿಲ ಪಕ್ಕದಲ್ಲೇ ಮಕ್ಕಳು ಓಡಾಡುವ ಗೇಟು ಇದ್ದುದರಿಂದ, ಪೆಟ್ಟಿಗೆ ಅಲ್ಲಿರಬಾರದು, ಎಂಟನೇ ಮನೆಯಾಚೆಯ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು ಎಂದು ಸಾಲುಮನೆಗಳ ಸಂಘದ ಸಭೆ ತೀರ್ಮಾನಿಸಿತ್ತು. ಎರಡು ತಿಂಗಳ ಗಡುವು. ಅಷ್ಟರೊಳಗೆ ಹೋಗದಿದ್ದರೆ ಜೇನೇ ಬೇಡ.

"ಎರಡು ತಿಂಗಳು ಯಾಕೆ, ಎತ್ತಿ ಇಟ್ರೆ ಹತ್ತು ನಿಮಿಷದ ಕೆಲಸ," ಎಂದಿದ್ದ ಸಂಘದ ಸೆಕ್ರೆಟರಿ. ಹಿಂದೆ ಡ್ರಿಲ್ ಮಾಸ್ತರನಾಗಿದ್ದವನು, ಎಲ್ಲದಕ್ಕೂ ಅವಸರ.

"ಹುಳ ಗುರುತಿಟ್ಕೊಳ್ಳೋದು ಜಾಗಾನ, ಪೆಟ್ಟಿಗೇನ ಅಲ್ಲ. ಮೂರಡಿ ದಾಟಿ ಇಟ್ರೆ ಹೂವಿಗೆ ಹೋಗಿದ್ದು ವಾಪಸ್ ಹಳೇ ಜಾಗಕ್ಕೇ ಬರುತ್ತೆ. ಅಲ್ಲೇ ಸುತ್ತಿ ಸುತ್ತಿ ಸಾಯುತ್ತೆ," ಎಂದಿದ್ದ ಡ್ರೈವರ್.

ಸಂಘಕ್ಕೆ ಬಂದ ಅರ್ಜಿಯಲ್ಲಿ ಮೊದಲ ಸಹಿ ಐದನೇ ಮನೆಯವಳದು. ಆಸ್ಪತ್ರೆಯ ನರ್ಸುಗಳಿಗೆ ಬಿಳಿ ಬಟ್ಟೆ ಹೊಲಿಯುವ ಟೈಲರಮ್ಮ. ಒಣಹಾಕಿದ ಬಟ್ಟೆಯ ಮೇಲೆಲ್ಲ ಹುಳುಗಳು ಹಳದಿ ಚುಕ್ಕೆ ಇಟ್ಟು ಹೋಗುತ್ತವೆ ಎಂದು ಅವಳ ದೂರು. ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವಳು ಡ್ರೈವರನ ಒಡಹುಟ್ಟಿದ ತಂಗಿ, ಮತ್ತು ಅಣ್ಣ ತಂಗಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಮಾತು ಬಿಟ್ಟದ್ದು ಅಮ್ಮನ ಕಾರಣಕ್ಕೆ. ಅಮ್ಮ ತಂಗಿಯ ಜೊತೆಗಿದ್ದಳು. ಮರೆವು ಶುರುವಾಗಿತ್ತು. ಒಂದು ಸಲ ಬಚ್ಚಲಲ್ಲಿ ಜಾರಿ ಬಿದ್ದಳು. ಮರುದಿನ ತಂಗಿ ಬಟ್ಟೆ ಕೊಡಲು ಆಸ್ಪತ್ರೆಗೆ ಹೋಗಿದ್ದಾಗ ಡ್ರೈವರ್ ಅಮ್ಮನನ್ನೂ ಅವಳ ಮಂಚವನ್ನೂ ತನ್ನ ಮನೆಗೆ ಸಾಗಿಸಿಬಿಟ್ಟ. ತನ್ನಲ್ಲಿ ನೋಡಿಕೊಳ್ಳಲು ಇಬ್ಬರಿದ್ದಾರೆ, ತಂಗಿ ಒಬ್ಬಳೇ, ಅದರಲ್ಲಿ ಕೇಳುವುದೇನಿದೆ ಎಂದು ಅವನ ಯೋಚನೆ. ತಂಗಿ ಬಂದು ನೋಡಿದರೆ ಕೋಣೆಯಲ್ಲಿ ಮಂಚದ ಕಾಲಿನ ಗುರುತು ಮಾತ್ರ ಇತ್ತು. ಅವಳು ಜಗಳವನ್ನೂ ಆಡಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡಳು. ಅಮ್ಮ ಮಾತ್ರ ದಿನಾ ಗೋಡೆ ಹಿಡಿದುಕೊಂಡು ಐದನೇ ಮನೆಗೆ ಹೋಗಿ ಬರುತ್ತಿದ್ದಳು. ಮಗಳ ಕೈಯಲ್ಲಿ ಒಂದು ಲೋಟ ಕಾಫಿ ಕುಡಿದು ಬರಲಿ ಎಂದು ಅವನೂ ಸುಮ್ಮನಿದ್ದ. ಮೂರು ತಿಂಗಳಿಗೆ ಅಮ್ಮ ಹೋಗಿಬಿಟ್ಟಳು.

ಈಗ ಪೆಟ್ಟಿಗೆ ನಾಲ್ಕನೇ ಮನೆ ದಾಟಿ ತಂಗಿಯ ಗಡಿಗೆ ಬಂದು ನಿಂತಿತು. ನಿಂತದ್ದು ಒಂದಲ್ಲ, ನಾಲ್ಕು ದಿನ.

"ರೀ, ಹೋಗಿ ಒಂದು ಮಾತು ಕೇಳ್ಬಾರ್ದಾ? ನಿಮ್ಮ ತಂಗಿ ತಾನೇ, ಹುಲಿ ಅಲ್ವಲ್ಲ," ಎಂದಳು ಹೆಂಡತಿ.

"ಹಿತ್ತಿಲು ಎಲ್ಲರದ್ದು. ಅವಳನ್ನೇನು ಕೇಳೋದು?"

ಹಾಗೆಂದವನು ಐದನೇ ಸಂಜೆ ಕಳ್ಳನ ಹಾಗೆ ಸದ್ದಿಲ್ಲದೆ ಎರಡಡಿ ಸರಿಸಿದ. ಬೆಳಗ್ಗೆ ನೋಡಿದರೆ ತಂಗಿ ಬಟ್ಟೆಯ ಹಗ್ಗವನ್ನು ಬಿಚ್ಚಿ ತಾರಸಿಯ ಮೇಲೆ ಕಟ್ಟಿಕೊಂಡಿದ್ದಳು. ಬಾಗಿಲು ಮುಚ್ಚಿತ್ತು. ಒಳಗೆ ಹೊಲಿಗೆ ಯಂತ್ರ ಸಿಟ್ಟಿನಿಂದ ಓಡುತ್ತಿತ್ತು, ಅಥವಾ ಅವನಿಗೆ ಹಾಗೆ ಕೇಳಿಸಿತು.

ಮೂರು ಸಂಜೆಗೆ ಆರಡಿ ಆಯಿತು. ಪೆಟ್ಟಿಗೆ ಸರಿಯಾಗಿ ಅವಳ ಹಿಂಬಾಗಿಲ ಮೆಟ್ಟಿಲ ಎದುರಿಗೆ ಬಂತು. ಅಷ್ಟರಲ್ಲಿ ಮಗಳ ಊರಿನಿಂದ ಕರೆ ಬಂದು, ಮೊಮ್ಮಗಳನ್ನು ನೋಡಲು ಗಂಡ ಹೆಂಡತಿ ಎರಡು ದಿನಕ್ಕೆಂದು ಹೊರಟರು.

ಎರಡನೇ ಬೆಳಗ್ಗೆ ಫೋನು ಬಂತು.

"ಅಣ್ಣಾ."

ನಾಲ್ಕು ವರ್ಷದಿಂದ ಕೇಳದ ದನಿ.

"ನಿನ್ನ ಹುಳ ಎಲ್ಲ ನನ್ನ ಬಾಗಿಲಲ್ಲಿ ಸುತ್ತಾ ಇವೆ. ಪೆಟ್ಟಿಗೆ ಇಲ್ಲ. ನಿನ್ನೆ ಸಂಜೆ ಸೆಕ್ರೆಟರಿ ಇಬ್ಬರನ್ನ ಕರ್ಕೊಂಡು ಬಂದು ಟ್ಯಾಂಕಿನ ಹತ್ರ ಹೊತ್ಕೊಂಡು ಹೋದ್ರು. ಬೇಗ ಬಾ."

ಹೆಂಡತಿಯ ಜೊತೆ ಅವನು ಬಂದಾಗ ಮಧ್ಯಾಹ್ನ ಕಳೆದಿತ್ತು. ದಾರಿಯುದ್ದಕ್ಕೂ ಬಸ್ಸು ಓಡಿಸುತ್ತಿದ್ದ ಹುಡುಗನನ್ನು ಮನಸ್ಸಿನಲ್ಲೇ ಬೈದಿದ್ದ. ಹಿತ್ತಿಲಿನಲ್ಲಿ ಸೆಕ್ರೆಟರಿ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದ. "ಉಪಕಾರ ಮಾಡೋಣ ಅಂತ... ಗಡುವು ಬೇರೆ ಹತ್ರ ಬಂದಿತ್ತಲ್ಲ..."

ಪೆಟ್ಟಿಗೆಯಿದ್ದ ಜಾಗದಲ್ಲಿ ತಂಗಿ ತನ್ನ ಹೊಲಿಗೆಯ ಸ್ಟೂಲು ಇಟ್ಟಿದ್ದಳು. ಅದರ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆ. ಸ್ಟೂಲಿನ ಅಡಿಯಲ್ಲಿ ಒಂದು ಹಿಡಿ ಹುಳು ಗೊಂಚಲಾಗಿ ಕೂತಿದ್ದವು, ಉಳಿದವು ಗಾಳಿಯಲ್ಲಿ ಇದ್ದಲ್ಲೇ ಸುತ್ತುತ್ತಿದ್ದವು. ಕಾಲಲ್ಲಿ ಹಳದಿ ಪರಾಗದ ಉಂಡೆ ಹೊತ್ತುಕೊಂಡೇ ಕೆಲವು ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದವು. ತಂಗಿ ಅದೇ ಮೆಟ್ಟಿಲ ಮೇಲೆ ಕೂತಿದ್ದಳು. ಹಿಂಬಾಗಿಲು ಅಗಲಕ್ಕೆ ತೆರೆದಿತ್ತು.

"ಕುಡಿಯೋಕೆ ಇರ್ಲಿ ಅಂತ ಬಟ್ಟೆ ಒದ್ದೆ ಮಾಡಿದೆ. ತಪ್ಪಾಯ್ತಾ?"

"ಇಲ್ಲ. ಕತ್ತಲಾದ್ಮೇಲೆ ಪೆಟ್ಟಿಗೆ ವಾಪಸ್ ಇಲ್ಲಿಗೇ ತರ್ಬೇಕು." ಅವನು ಅನುಮಾನಿಸಿದ. "ನಿನ್ನ ಬಾಗಿಲಿಗೇ."

"ತಾ."

ಅವನು ಸ್ವಲ್ಪ ದೂರ ಬಿಟ್ಟು ಮೆಟ್ಟಿಲ ಮೇಲೆ ಕೂತ. ಸೆಕ್ರೆಟರಿ ಪರಿಸ್ಥಿತಿ ಅರ್ಥ ಮಾಡಿಕೊಂಡು ಜಾಗ ಖಾಲಿ ಮಾಡಿದ, ಆ ದಿನ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ.

"ಅಮ್ಮನೂ ಹೀಗೇ ಬರ್ತಿದ್ಲು," ಎಂದಳು ತಂಗಿ ಹುಳುಗಳ ಮೇಲೆಯೇ ಕಣ್ಣಿಟ್ಟು. "ಹನ್ನೊಂದು ಗಂಟೆಗೆ. ಬಾಗಿಲು ತಟ್ಟಿ, ಇಲ್ಲಿ ಕೂತ್ಕೋತಿದ್ಲು."

"ಗೊತ್ತು. ನೀನು ಕಾಫಿ ಕೊಟ್ಟು ಕಳಿಸ್ತಿದ್ದೆಯಲ್ಲ."

ತಂಗಿ ಇಲ್ಲವೆಂದು ತಲೆಯಾಡಿಸಿದಳು. "ಒಂದು ದಿನಾನೂ ಬಾಗಿಲು ತೆಗೀಲಿಲ್ಲ ಅಣ್ಣ. ಕೇಳದೆ ಕರ್ಕೊಂಡು ಹೋದವನು ಬಂದು ಕೇಳ್ಲಿ, ಆಮೇಲೆ ತೆಗೀತೀನಿ ಅಂತ ಹಠ. ನೀನು ಬರ್ತೀಯ ಅಂತ ಕಾದೆ. ಅವಳು ಇಲ್ಲಿ ಕೂತಿರೋಳು, ನಾನು ಒಳಗೆ ಮಿಷನ್ ತುಳೀತಾ ಇರ್ತಿದ್ದೆ, ತಟ್ಟೋದು ಕೇಳ್ಬಾರ್ದು ಅಂತ."

ಡ್ರೈವರನಿಗೆ ತಂಗಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಟೇಪು ಹಿಡಿದು ನೆಲ ಅಳೆಯುವ ತನ್ನ ಕೈ ಕಂಡೇ ಅವನಿಗೆ ನಾಚಿಕೆಯಾಯಿತು.

"ಹುಳಕ್ಕೆ ಎರಡೆರಡು ಅಡಿ ಅಂತ ಅಳೆದೆ," ಎಂದ. "ಅಮ್ಮನ್ನ ಒಂದೇ ಮಧ್ಯಾಹ್ನಕ್ಕೆ ಎತ್ಕೊಂಡು ಹೋದೆ. ನಿನ್ನ ಒಂದು ಮಾತು ಕೇಳ್ಲಿಲ್ಲ. ಅವಳನ್ನೂ ಕೇಳ್ಲಿಲ್ಲ."

ಇಬ್ಬರೂ ಅತ್ತರು. ನಾಲ್ಕು ವರ್ಷದ ಅಳು ಬೇಗ ಮುಗಿಯುವಂಥದ್ದಲ್ಲ. ಹೆಂಡತಿ ತಮ್ಮ ಮನೆಯಿಂದ ಕಾಫಿ ತಂದಿಟ್ಟು ಹೋದಳು.

ಹೊತ್ತು ಮುಳುಗಿದ ಮೇಲೆ ಅಣ್ಣ ತಂಗಿ ಸೇರಿ ಪೆಟ್ಟಿಗೆಯನ್ನು ಹೊತ್ತು ತಂದರು. ಹುಳು ತುಂಬಿದ ಸ್ಟೂಲನ್ನು ಪೆಟ್ಟಿಗೆಯ ಬಾಗಿಲಿನಷ್ಟೇ ಎತ್ತರಕ್ಕೆ ತಾಗಿಸಿ ಹಿಡಿದಾಗ ಒಂದು ಹುಳು ಒಳಗೆ ಹೋಯಿತು, ಹಿಂದೆ ಇನ್ನೊಂದು, ಆಮೇಲೆ ಸಾಲು ಸಾಲಾಗಿ ಎಲ್ಲವೂ. ತಂಗಿ ನಾಲ್ಕು ಬಟ್ಟಲಿಗೂ ತಾನೇ ನೀರು ತುಂಬಿದಳು.

ಮರುಸಂಜೆ ಡ್ರೈವರ್ ಟೇಪು ಹಿಡಿದು ಬಂದಾಗ ಅವಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

"ಇನ್ನೆಷ್ಟು ದಿನ ನನ್ನ ಮನೆ ಹಿಂದೆ?"

"ಹತ್ತಡಿ ಉಳಿದಿದೆ. ಐದು ದಿನ."

"ಒಂದೊಂದೇ ಅಡಿ ಸರಿಸಿದ್ರೆ?"

"ಹತ್ತಾಗುತ್ತೆ. ಗಡುವು ಮೀರಿಹೋಗುತ್ತಲ್ಲ, ಸಂಘದವ್ರು ಸುಮ್ನಿರ್ತಾರಾ?"

"ಅರ್ಜಿಯಲ್ಲಿ ಮೊದಲ ಸಹಿ ನಂದೇ. ಅವರಿಗೆ ನಾನು ಹೇಳ್ಕೋತೀನಿ," ಎಂದು ತಂಗಿ ಎದ್ದು ಬಂದು ಸ್ಟ್ಯಾಂಡಿನ ಇನ್ನೊಂದು ಕಡೆ ಹಿಡಿದಳು. "ಒಂದೇ ಅಡಿ ಸರ್ಸು."