ಎಡಗಾಲಿಯ ನಟ್ಟು

ಅಬ್ದುಲ ಖಾದರನ ಎಡಗೈಯ ನಾಲ್ಕು ಬೆರಳು ಲಾರಿಯ ಗಾಲಿಗೆ ಸಿಕ್ಕಿಕೊಂಡು ಅರ್ಧ ತಾಸಾಗಿತ್ತು. ಸೋಯಾಬೀನ್ ಹೇರಿಕೊಂಡು ಠಾಣಾ ಕುಶನೂರ ದಾಟಿ ಔರಾದ ಕಡೆ ಹೊರಟಿದ್ದ. ಹಿಂದಿನ ಎಡಗಾಲಿ ಪಂಕ್ಚರಾಯಿತು. ನಟ್ಟು ಬಿಚ್ಚಲು ಗೇರ್ ಪಾನಾ ಹಾಕಿದ. ಹಿಡಿಕೆಯನ್ನು ಐವತ್ತು ಸುತ್ತು ತಿರುವಿದರೆ ಅದು ನಟ್ಟನ್ನು ಒಂದು ಸುತ್ತು ತಿರುಗಿಸುತ್ತದೆ. ಕೂಸು ತಿರುವಿದರೂ ಆನೆಯ ಬಲ. ಆ ಬಲ ತಡೆಯಲು ಅದರ ಉಕ್ಕಿನ ಕಾಲು ಪಕ್ಕದ ನಟ್ಟಿಗೆ ಒರಗಿರಬೇಕು. ಕಾಲು ಜಾರುತ್ತಿತ್ತು. ಇಪ್ಪತ್ತು ವರ್ಷದ ಅನುಭವದ ಡ್ರೈವರ್ ಸಾಹೇಬರು ಅದನ್ನು ಕೈಯಿಂದ ಒತ್ತಿ ಹಿಡಿದು ತಿರುವಿದರು! ಕಾಲು ನಟ್ಟಿಗೆ ಹತ್ತಿತು, ಬೆರಳುಗಳು ನಡುವೆ ಉಳಿದವು.

ನೋವಿಗೆ ಕೊಸರಿದಾಗ ಹಿಡಿಕೆ ಕಳಚಿ ಲಾರಿಯ ಕೆಳಗೆ ಉರುಳಿತು. ಹಿಂದಕ್ಕೆ ತಿರುಗಲು ಬಿಡುವ ಲಾಕ್ ಅವನದೇ ಅಂಗೈಯ ಅಡಿಯಲ್ಲಿತ್ತು. ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ತೊಗರಿ ಹೊಲದ ಬದಿಗೆ ಕುಕ್ಕರಗಾಲಲ್ಲಿ ಕೂತವನು ಯಾರಿಗೆ ಕಾಣಬೇಕು? ಎಡಗೈ ಎಂದರೆ ಗೇರ್ ಹಾಕುವ ಕೈ. ಅದು ಹೋದರೆ ಹೊಟ್ಟೆಪಾಡೂ ಹೋದಂತೆ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಬಸ್ಸಿಗೆಂದು ಹೊಲದ ದಾರಿ ಹಿಡಿದು ಬಂದ ಸಲೋಮಿ ಟೀಚರ್ ಅವನ ನರಳಾಟ ಕೇಳಿ ಓಡಿ ಬಂದರು. ಕುಶನೂರಿನವರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುವುದು.

“ಅಕ್ಕೋರೆ, ಆ ಹಿಡಿಕಿ ತಗೊಂಡು ಇದ್ರಾಗ ಹಾಕ್ರಿ. ಹಿಂದಕ್ ಬರಲ್ರಿ ಇದು. ಮುಂದಕ್ಕೇ ತಿರುಗಸ್ರಿ. ನಟ್ ಸಡಲಾದ್ರ ಕೈ ಬಿಡ್ತದ.”

ಸಲೋಮಿ ತಿರುವಿದರು. ನಟ್ಟು ಸಡಿಲವಾಗಲಿಲ್ಲ, ಖಾದರ ಕಿರುಚಿದ. ಅವರು ಕೈ ನಿಲ್ಲಿಸಿ, ಮೇಲಿನ ನಟ್ಟಿನ ಕೆಸರನ್ನು ಸೆರಗಿನಿಂದ ಒರೆಸಿದರು.

“ಇಲ್ಲಿ ‘ಎಲ್’ ಅಂತ ಕೊರದಾರಲ್ರಿ, ಏನದು?”

ಖಾದರ ಬಲಗೈಯಿಂದ ಹಣೆ ಬಡಿದುಕೊಂಡ. ‘ಎಲ್’ ಎಂದರೆ ಲೆಫ್ಟ್. ಈ ಹಳೆಯ ಲಾರಿಯ ಎಡಗಾಲಿಯ ನಟ್ಟುಗಳು ಉಲ್ಟಾ. ಬಲಕ್ಕೆ ತಿರುವಿದರೆ ಬಿಚ್ಚುತ್ತವೆ. ಭಾಲ್ಕಿಯ ಪಂಕ್ಚರ್ ದುಕಾನಿನವರಿಗೆಲ್ಲ ಈ ಪಾಠ ಹೇಳುತ್ತಿದ್ದವನೇ ಅವನು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತು. ಆರು ತಿಂಗಳು ಹೊಸ ಲಾರಿ ಓಡಿಸಿ ಇವತ್ತಷ್ಟೇ ಇದನ್ನು ಹತ್ತಿದ್ದ. ಕೈ ರೂಢಿಯಂತೆ ಎಡಕ್ಕೆ ತಿರುವಿತ್ತು. ಇಷ್ಟೊತ್ತೂ ಇಬ್ಬರೂ ನಟ್ಟನ್ನು ಬಿಗಿಯುತ್ತಲೇ ಇದ್ದರು.

“ಔರಾದಿಂದ ಮಂದೀನ ಕರಸ್ತೇನಿ, ತಡೀರಿ.”

“ಅಷ್ಟೊತ್ತಿಗಿ ಬೆರಳು ಸಾಯ್ತಾವರಿ. ಬೋಲ್ಟ್ ಮುರಿದ್ರೂ ಕೈ ಬಿಡ್ತದ. ಮುರಿಯೋ ತನಕ ತಿರುಗಸ್ರಿ. ನಾ ಒದರಿದ್ರೂ ನಿಂದರಬ್ಯಾಡ್ರಿ.”

ಅವರು ನಿಲ್ಲಲಿಲ್ಲ. ಅವನು ಅಲ್ಲಾನನ್ನು ಕರೆದ, ಅಮ್ಮೀಯನ್ನು ಕರೆದ, ಕಡೆಗೆ ಅಕ್ಕೋರನ್ನೇ ಬೈದ. ಅವರು ಅಳುತ್ತಲೇ ತಿರುವಿದರು. ಒಮ್ಮೆಲೇ ಪಟಾಕಿ ಸಿಡಿದಂತೆ ಬೋಲ್ಟು ಮುರಿಯಿತು. ಪಾನಾ ಕಳಚಿ ಬಿತ್ತು.

ಕೈ ಹೊರಗೆ ಬಂತು. ಅದನ್ನು ನೋಡಲು ಖಾದರನಿಗೆ ಧೈರ್ಯ ಸಾಲಲಿಲ್ಲ. ಮುಖ ಅತ್ತ ತಿರುಗಿಸಿ, ಅದನ್ನು ಸಲೋಮಿಯವರ ಮಣಿಕಟ್ಟಿನ ಮೇಲಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹಿಡಿದ.

“ಬಿಗಿ ಅದ ಏನ್ರಿ?”

ಸುಳ್ಳಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರ್ ಆ ಬೆರಳುಗಳನ್ನೇ ನೋಡುತ್ತ ಹೇಳಿದರು.

“ಬಾಳ ಬಿಗಿ ಅದರಿ. ನನ್ನ ಕೈ ನೋಯ್ಲಾಕತ್ತದ.”

ಖಾದರ ಆಗ ತಿರುಗಿ ನೋಡಿದ. ಅವನ ಒಂದು ಬೆರಳೂ ಮಡಚಿರಲಿಲ್ಲ.

“ಇನ್ನೊಮ್ಮಿ ಅನ್ರಿ, ಅಕ್ಕೋರೆ,” ಎಂದ.