ಕೆಂಪು ಸೆಕೆಂಡು ಮುಳ್ಳು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ಹೇಳುತ್ತಿರುವ ಈ ನಾಲಿಗೆ ಕೆಟ್ಟ ಗಡಿಯಾರದ ಮುಳ್ಳಿನ ಹಾಗೆ ಇದ್ದಲ್ಲೇ ನಿಂತುಹೋಗಲಿ.

ಮಧ್ಯಾಹ್ನದ ಹೊತ್ತು. ವಾಚ್ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನೂ ತೆಗೆಯದೆ ಮಗಳ ಹೆಗಲ ಮೇಲಿಂದ ಟ್ಯಾಬಿನತ್ತ ಬಗ್ಗಿದ. ಅಂಗಡಿ ಮೂಲೆಯ ಸ್ಟೂಲೇ ಅವಳ ಶಾಲೆ. ಕಿವಿಯಲ್ಲಿ ಇಯರ್‌ಫೋನು, ತೊಡೆಯ ಮೇಲೆ ನೋಟ್‌ಬುಕ್ಕು. ಅವತ್ತಿನ ಪಾಠ ಕೋನಗಳದ್ದು. ಪರದೆಯ ಮೇಲೆ ಎಂದಿನಂತೆ ಟೀಚರ ಎರಡು ಕೈ ಮಾತ್ರ. ಮುಖ ಯಾವತ್ತೂ ಕಾಣುವುದಿಲ್ಲ. ಆ ಕೈಗಳು ಮಣಿಕಟ್ಟಿನ ಒಳಬದಿಗೆ ಕಟ್ಟಿದ್ದ ವಾಚನ್ನು ಬಿಚ್ಚಿ ಹಾಳೆಯ ಮೇಲಿಟ್ಟು, ಮುಳ್ಳುಗಳ ನಡುವೆ ಗೆರೆ ಎಳೆದವು.

"ಪಾಠ ನಮ್ಮ ಕಸುಬಿಗೇ ಬಂತಲ್ಲೇ" ಎಂದು ಖುಷಿಯಾಗಿ ಇನ್ನೂ ಬಗ್ಗಿದವನು ಹಾಗೇ ಉಳಿದ.

ಅವನ ಕಣ್ಣು ಅಂತಿಂಥದ್ದಲ್ಲ. ಗಿರಾಕಿಯೊಬ್ಬ ಸೀನಿದಾಗ ಹಾರಿಹೋದ ಸ್ಕ್ರೂವನ್ನು ಮೂರು ದಿನದ ಮೇಲೆ ಅದೇ ಗಿರಾಕಿಯ ಮೀಸೆಯಿಂದ ಹೆಕ್ಕಿ ತೆಗೆದ ಕಣ್ಣು. ಕಿವಿಯೂ ಅಷ್ಟೇ. ಗೋಡೆ ತುಂಬ ನಲವತ್ತು ಗಡಿಯಾರ ಬಡಿದುಕೊಳ್ಳುತ್ತಿದ್ದರೂ ಯಾವುದು ನಿಂತಿತೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದ. ಅದಕ್ಕೇ ಅಂಗಡಿಯಲ್ಲಿ ಪಿಟ್ಟೆನ್ನುವಂತಿಲ್ಲ, ಮಗಳಿಗೆ ಇಯರ್‌ಫೋನು ಕಡ್ಡಾಯ. ಹಾಗಾಗಿ ಆ ಟೀಚರ ದನಿ ಅವನ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ.

ಹಿಂದಿನ ವರ್ಷ ಶಾಲೆಯಲ್ಲಿ ಅಪ್ಪ ಅಮ್ಮಂದಿರನ್ನು ಕರೆಸಿದ್ದರು. ಮಗಳು ದಡ್ಡಿ ಎಂದು ಇವನೇ ಮೊದಲು ಬಾಯಿ ಬಿಟ್ಟ. ಲೆಕ್ಕದ ಟೀಚರು ಅಷ್ಟು ಜನರ ಎದುರು ಹೇಳಿದರು: "ದಡ್ಡಿ ಅಲ್ಲ ಕಣ್ರೀ. ನೀವು ಪಕ್ಕದಲ್ಲಿ ನಿಂತ್ರೆ ಅವಳಿಗೆ ಮಗ್ಗಿ ಮರೆತುಹೋಗುತ್ತೆ, ಅಷ್ಟೇ." ಯಾರೋ ಕಿಸಕ್ಕೆಂದರು. ಇವನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅರ್ಜಿಯ ಮೇಲೆ ಅರ್ಜಿ ಬರೆದ, ಆಡಳಿತದವರ ಮನೆ ಬಾಗಿಲು ಸವೆಸಿದ, ಆರು ತಿಂಗಳೊಳಗೆ ಟೀಚರ ಕೆಲಸಕ್ಕೆ ಕಲ್ಲು ಹಾಕಿದ. ಅವರು ಹೋದರೂ ಸಿಟ್ಟು ಹೋಗಲಿಲ್ಲ. ಮಗಳನ್ನೂ ಬಿಡಿಸಿಕೊಂಡು ಬಂದು ತಾನೇ ಓದಿಸುತ್ತೇನೆಂದ.

ವಾಚಿಗೆ ಸೆಲ್ ಹಾಕಿಸಲು ಬಂದ ನರ್ಸಮ್ಮ ಪುಕ್ಕಟೆ ಪಾಠದ ವೆಬ್‌ಸೈಟೊಂದನ್ನು ತೋರಿಸಿಕೊಟ್ಟಳು. ಅದರಲ್ಲಿ ಹತ್ತಾರು ಟೀಚರುಗಳಿದ್ದರು. ಒಂದು ಪೂರ್ತಿ ದಿನ ಕೇಳಿ ಕೇಳಿ, ಈ ಎರಡು ಕೈಗಳನ್ನು ಮಗಳೇ ಆರಿಸಿಕೊಂಡಳು. ಆಮೇಲೆ ನೋಡಬೇಕಿತ್ತು. ಭಿನ್ನರಾಶಿ ನೀರು ಕುಡಿದಷ್ಟು ಸಲೀಸು. ಪರದೆ ತುಂಬ ನಕ್ಷತ್ರ. ಮುಂದಿನ ತಿಂಗಳು ಹೊರಗಿನಿಂದ ಪರೀಕ್ಷೆಗೆ ಕೂರುವುದಿತ್ತು. ಅಪ್ಪ ಬಂದ ಗಿರಾಕಿಗೆಲ್ಲ ಹೇಳಿದ್ದೇ ಹೇಳಿದ್ದು: "ಟೀಚರ್ ಅಂದ್ರೆ ಇವರು. ಆ ಸ್ಕೂಲಲ್ಲೂ ಒಬ್ಬಳಿದ್ದಳು."

ಈಗ ಹಾಳೆಯ ಮೇಲಿದ್ದ ವಾಚಿನಲ್ಲಿ ಸೆಕೆಂಡು ಮುಳ್ಳು ಕೆಂಪಗಿತ್ತು. ಮಿಕ್ಕೆರಡು ಕಪ್ಪು. ಆ ಅಳತೆಯ ಕಪ್ಪು ಮುಳ್ಳು ಸಿಗದೆ ಕೆಂಪನ್ನು ಕೂರಿಸಿದವನು ಅವನೇ. ಪರವಾಗಿಲ್ಲ, ಕೆಂಪು ನಮ್ಮ ಕಸುಬಿನ ಬಣ್ಣವೇ ಎಂದು ಆ ಶಾಲೆಯ ಲೆಕ್ಕದ ಟೀಚರು, ಜಗಳಕ್ಕೂ ಮುಂಚೆ, ನಕ್ಕು ಕಟ್ಟಿಕೊಂಡು ಹೋಗಿದ್ದರು.

ಮಗಳ ಒಂದು ಕಿವಿಯಿಂದ ಇಯರ್‌ಫೋನು ಕಿತ್ತ.

"ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನಾನೇ."

"ಯಾಕೆ ಬೊಗಳಲಿಲ್ಲ?"

ಮಗಳು ನೋಟ್‌ಬುಕ್ಕು ಮುಚ್ಚಿದಳು. "ಹೇಳಿದ್ರೆ ಇಲ್ಲಿಂದಾನೂ ತೆಗೆಸ್ತಿದ್ರಿ ಅಪ್ಪ."

ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಮೂರು ಹೊಡೆದವು. ಅವು ಸುಮ್ಮನಾಗುವ ತನಕ ಅವನು ಕಾದ.

"ಏಳೆಂಟ್ಲ ಎಷ್ಟೇ?"

ಅವಳ ಬಾಯಿ ತೆರೆಯಿತು. ಹೆಗಲು ಕಿವಿಯ ತನಕ ಏರಿತು. ಬೆಳಿಗ್ಗೆಯಷ್ಟೇ ದಶಾಂಶದ ಭಾಗಾಕಾರ ಮಾಡಿದ್ದವಳು ನೆಲ ನೋಡುತ್ತ ಕೂತಳು.

"ನೋಡಿದ್ಯಾ? ಏನೂ ಕಲಿಸಿಲ್ಲ ಅವಳು" ಎಂದ ಅಪ್ಪ.

ಒಳಗಿಂದ ಬಂದ ಹೆಂಡತಿ ನಿಮಗೆ ಗಂಟೆ ನೋಡಲು ಬರುತ್ತದೆ, ಹೊತ್ತು ನೋಡಲು ಬರುವುದಿಲ್ಲ ಎಂದದ್ದೂ ದಂಡವಾಯಿತು. ಟ್ಯಾಬನ್ನು ಅವನು ಮೇಜಿನ ಡ್ರಾಯರಿಗೆ, ಯಾರೂ ವಾಪಸು ಒಯ್ಯದ ವಾಚುಗಳ ನಡುವೆ ನೂಕಿ ಬೀಗ ಹಾಕಿದ. ಆತುರದಲ್ಲಿ ಪಾಠ ನಿಲ್ಲಿಸುವುದನ್ನು ಮರೆತಿದ್ದ. ಇಯರ್‌ಫೋನಿನ ತಂತಿ ಡ್ರಾಯರಿನ ಸಂದಿನಿಂದ ಹೊರಗೆ ಜೋತಾಡುತ್ತಿತ್ತು. ಅದರ ತುದಿಯಲ್ಲಿ ಸಣ್ಣ ದನಿಯೊಂದು ಮಾತಾಡುತ್ತಲೇ ಇತ್ತು. ಅವನು ಮಸೂರ ಸರಿಮಾಡಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದ. ಮಗಳು ಸ್ಟೂಲನ್ನು ತುಸು ತುಸುವೇ ಆ ತಂತಿಯ ಕಡೆಗೆ ಸರಿಸುತ್ತಿದ್ದಳು.

ಆ ಬೀಗ ಇನ್ನೂ ಹಾಗೇ ಇದೆ. ಬಿಡಿ ಭಾಗ ಬೇಕಾದಾಗ ಮಾತ್ರ ಡ್ರಾಯರು ತೆಗೆಯುತ್ತಾನೆ. ಅಂದಹಾಗೆ, ನಿಮ್ಮ ಕೈಯಲ್ಲಿರುವ ಆ ವಾಚನ್ನು ಬಿಚ್ಚಿಕೊಡಿ ನೋಡೋಣ. ಚೆನ್ನಾಗಿ ಓಡುತ್ತಿದೆಯೇ? ಪರವಾಗಿಲ್ಲ, ಕೆಡಿಸಿಕೊಂಡೇ ಒಯ್ಯೋಣ. ಬಿಡಿ ಭಾಗಕ್ಕೆಂದು ಅವನು ಡ್ರಾಯರು ತೆಗೆದಾಗ ಟ್ಯಾಬು ಎತ್ತಿಕೊಳ್ಳಲು ಮಗಳು ಕಾದಿದ್ದಾಳೆ. ನೀವು ಅವನನ್ನು ಒಂದೈದು ನಿಮಿಷ ಮಾತಿಗೆಳೆದರೆ ಸಾಕು.